ಭಾವನ ಮುಖ ಅರಳಿದ ಫೋಟೋ

ನಾನು ಈಗ ನಮ್ಮಕ್ಕನ ಮನೆ ಇರುವ ಬೀದಿಯಲ್ಲಿ ಓಡಾಡುವುದಿಲ್ಲ. ಅಂಚೆ ಕಚೇರಿಗೆ ಹೋಗಬೇಕಾದರೂ ಹಿಂದಿನ ಗಲ್ಲಿ ಹಿಡಿದು, ಸೌದೆ ಡಿಪೋ ಸುತ್ತಿ, ಇಪ್ಪತ್ತು ನಿಮಿಷ ಹೆಚ್ಚಿಗೆ ನಡೆದು ಹೋಗುತ್ತೇನೆ. ಯಾಕೆ ಎಂದು ಕೇಳಿದವರಿಗೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತೇನೆ. ನಿಜ ಕಾರಣ ನಾಚಿಕೆ. ಇಷ್ಟು ವಯಸ್ಸಾದ ಮೇಲೆ ನಾಚಿಕೆಪಡುವುದೇ ಒಂದು ನಾಚಿಕೆ, ಆದರೆ ಆದದ್ದನ್ನು ಮುಚ್ಚಿಡಲೂ ಆಗುವುದಿಲ್ಲ, ಯಾಕೆಂದರೆ ಮೂವತ್ತೊಂದು ಜನ ಅದನ್ನು ಕಣ್ಣಾರೆ ಕಂಡಿದ್ದಾರೆ.

ನನ್ನದು ಫೋಟೋ ಸ್ಟುಡಿಯೋ. ಒಂದು ಬಾಗಿಲು, ಒಂದು ನೀಲಿ ಪರದೆ, ಒಂದು ತಿರುಗುವ ಸ್ಟೂಲು, ಎರಡು ದೀಪ. ಇಪ್ಪತ್ತಾರು ವರ್ಷ ನಾನು ಗಿರಾಕಿಗಳ ಹತ್ತಿರ ಮೂರೇ ಮಾತು ಆಡಿ ಬದುಕಿದವನು: "ಗದ್ದ ಮೇಲೆ. ಭುಜ ಕೆಳಗೆ. ಇಲ್ಲಿ ನೋಡಿ." ಬೀದಿಯ ಹುಡುಗರು ನನಗೆ 'ಗದ್ದ ಮೇಲೆ' ಎಂದೇ ಹೆಸರಿಟ್ಟಿದ್ದರು. ನಾನು ತೆಗೆದ ಫೋಟೋದಲ್ಲಿ ಎಲ್ಲರೂ ಠಾಣೆಯಿಂದ ಕರೆ ಬಂದವರ ಹಾಗೆ ಕಾಣುತ್ತಿದ್ದರು. "ಇದು ನಾನೇನಾ?" ಎಂದು ಒಂದು ಸಲ ಕೇಳಿ, ಉತ್ತರಕ್ಕೆ ಕಾಯದೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಪಕ್ಕದ ಕಟಿಂಗ್ ಶಾಪಿನವನಿಂದ. ಅವನು ಒಂದು ದಿನ ಬಾಗಿಲಲ್ಲಿ ನಿಂತು, ಕತ್ತರಿ ಒರೆಸುತ್ತಾ, "ನಿಮ್ದೂ ನಮ್ದೂ ಒಂದೇ ಕಸುಬು ಕಣ್ರೀ. ನಾನು ಗಿರಾಕಿ ತಲೆ ಕೈಯಲ್ಲಿ ತಿರುಗಿಸ್ತೀನಿ, ನೀವು ಬಾಯಲ್ಲಿ ತಿರುಗಿಸ್ತೀರಿ. ಅಷ್ಟೇ ವ್ಯತ್ಯಾಸ" ಅಂದ.

ನನಗೆ ಮೈಯೆಲ್ಲ ಉರಿಯಿತು. ಕಲಾವಿದನಿಗೆ ಹೇಳುವ ಮಾತೇ ಅದು? ನಾನು ಕಲಾವಿದ ಎಂಬುದು ನನಗೂ ಆವತ್ತೇ ಗೊತ್ತಾದದ್ದು. ಮುಂದಿನ ವಾರವೇ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಫೋಟೋಗ್ರಾಫರುಗಳಿಗೆ ಒಂದು ದಿನದ ತರಬೇತಿ ಇದೆ ಎಂದು ಪತ್ರಿಕೆಯಲ್ಲಿ ನೋಡಿ, ಹೊಸ ಅಂಗಿ ಹೊಲಿಸಿಕೊಂಡು ಹೋದೆ.

ಅಲ್ಲಿ ಪಾಠ ಹೇಳಿದವರು ಕೂದಲನ್ನು ಹಿಂದೆ ಗಂಟು ಹಾಕಿಕೊಂಡಿದ್ದ ಒಬ್ಬ ಮಹಾಶಯರು. ಅವರು ವೇದಿಕೆಯ ಮೇಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡುತ್ತಾ ಹೇಳಿದರು: "ಮುಖ ತೆಗೆಯೋನು ಫೋಟೋಗ್ರಾಫರ್ ಅಲ್ಲ, ಮನಸ್ಸು ತೆಗೆಯೋನು ಫೋಟೋಗ್ರಾಫರ್. 'ನಗಿ' ಅಂತ ಯಾರಿಗೂ ಹೇಳ್ಬೇಡಿ. ಹೇಳಿ ನಗಿಸಿದ ನಗು ಹಲ್ಲಲ್ಲೇ ಇರುತ್ತೆ, ಕಣ್ಣಿಗೆ ಹತ್ತಲ್ಲ. ಮಾತಾಡ್ಸಿ. ಒಳಗೆ ಇಳಿಯೋ ಅಂಥ ಪ್ರಶ್ನೆ ಕೇಳಿ. ಉತ್ತರ ಬಾಯಿಗೆ ಬರೋಕೆ ಮುಂಚೆ ಮುಖಕ್ಕೆ ಬರುತ್ತೆ. ಆಗ ಒತ್ತಿ!"

ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತಾರು ವರ್ಷ ಬರೀ ಗದ್ದ ಎತ್ತಿಸಿದೆನಲ್ಲಾ ಎಂದು ಸಂಕಟವಾಯಿತು. ಅದೇ ಸಂಕಟದಲ್ಲಿ ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಊಟವಾದ ಮೇಲಿನ ಪಾಠದಲ್ಲಿ ಗೋಡೆಗೆ ಒರಗಿ ನಿದ್ದೆ ಹೋದೆ. ಗುರುತಿನ ಚೀಟಿಯ ಫೋಟೋಗೆ ಮಾತ್ರ ಇದನ್ನೆಲ್ಲ ಮಾಡಲೇಬಾರದು ಎಂದು ಅವರು ಹೇಳಿದ್ದು ಆಗಲೇ ಅಂತೆ. ಅದು ನನಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು.

ಮರುದಿನ ಬಾಗಿಲ ಮೇಲೆ ಹೊಸ ಬೋರ್ಡು ಬಂತು: 'ಇಲ್ಲಿ ಮನಸ್ಸು ತೆಗೆಯಲಾಗುತ್ತದೆ.' ಕಟಿಂಗ್ ಶಾಪಿನವನು ಎರಡೆರಡು ಸಲ ಓದಿ, "ವಾಪಸ್ ಕೊಡ್ತೀರಾ?" ಅಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಸುಮ್ಮನಾದೆ.

ಇಂಥ ಸುಮುಹೂರ್ತದಲ್ಲಿ ನಮ್ಮ ಭಾವ ಸ್ಟುಡಿಯೋಗೆ ಬಂದರು. ಭಾವ ಎಂದರೆ ನಮ್ಮಕ್ಕನ ಯಜಮಾನರು, ನೀರು ಸರಬರಾಜು ಕಚೇರಿಯಲ್ಲಿ ಮ್ಯಾನೇಜರು. ಅವರು ಕಟ್ಟುನಿಟ್ಟಿನ ಮನುಷ್ಯ. ಅವರ ಮುಖ ಯಾವಾಗಲೂ ಬೀಗ ಹಾಕಿದ ಬಾಗಿಲು. ತಂದೆ ತಾಯಿ ಹೋದ ಮೇಲೆ ನಾನು ಅವರ ಆಶ್ರಯದಲ್ಲೇ ಇದ್ದವನು, ಅವರೆಂದರೆ ನನಗೆ ದೇವರ ಸಮಾನ.

ಅವರ ಕಚೇರಿಯಲ್ಲಿ ಆಗ ಒಂದು ದೊಡ್ಡ ಅವಮಾನ ನಡೆದಿತ್ತು. ಯಾರೋ ಅಪರಿಚಿತ ಒಬ್ಬ ನೇರ ಒಳಗೆ ಬಂದು, ಖಾಲಿ ಕುರ್ಚಿಯಲ್ಲಿ ಕೂತು, ಮೂರು ದಿನ ಕೆಲಸ ಮಾಡಿ, ಎರಡು ಕಡತಕ್ಕೆ ಸಹಿ ಹಾಕಿ, ನಾಲ್ಕನೇ ದಿನ ಗೋಡೆ ಗಡಿಯಾರ ಕಿತ್ತುಕೊಂಡು ಹೋಗಿದ್ದ. ಅವನು ಸಹಿ ಹಾಕಿದ ಕಡತಗಳಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ಇನ್ನೂ ದೊಡ್ಡ ಅವಮಾನ. ಮೇಲಿನ ಕಚೇರಿಯಿಂದ ಸಾಹೇಬರು ತಪಾಸಣೆಗೆ ಬರುವುದಿತ್ತು. ಭಾವನಿಗೆ ನಿವೃತ್ತಿಗೆ ಎಂಟೇ ತಿಂಗಳು. ಮೇಲ್ದರ್ಜೆಯ ಹುದ್ದೆ ಸಿಗುವುದೋ ಬಿಡುವುದೋ ಆ ಸಾಹೇಬರ ಒಂದು ಮಾತಿನ ಮೇಲೆ ನಿಂತಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ.

"ಮೂವತ್ತೊಂದು ಜನಕ್ಕೆ ಗುರುತಿನ ಚೀಟಿ ಆಗ್ಬೇಕು" ಎಂದರು ಭಾವ. "ಬೇರೆಯವರಿಗೆ ಕೊಡೋಣ ಅಂತಿದ್ದೆ. ನಿಮ್ಮಕ್ಕ ಬಿಡ್ಲಿಲ್ಲ. ನೋಡು, ನಿನ್ನ ಹಳೇ ಥರಾನೇ ತೆಗಿ. ಗದ್ದ ಮೇಲೆ, ಭುಜ ಕೆಳಗೆ. ಬೇರೇನೂ ಮಾಡ್ಬೇಡ."

"ಭಾವ, ನೀವು ನಿಶ್ಚಿಂತೆಯಾಗಿರಿ" ಎಂದೆ. ನಾನು ಜೀವನದಲ್ಲಿ ಈ ಮಾತು ಹೇಳಿದಾಗಲೆಲ್ಲ ಯಾರಿಗಾದರೂ ಚಿಂತೆ ಹತ್ತಿದೆ.

ಕಚೇರಿಯ ಉಗ್ರಾಣದಲ್ಲಿ ಪೈಪುಗಳ ನಡುವೆ ಬಿಳಿ ಬಟ್ಟೆ ಕಟ್ಟಿ, ಸ್ಟೂಲಿಟ್ಟು, ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದೆ. ಮೊದಲು ಖಜಾಂಚಿ ಬಂದರು. ಹುಟ್ಟಿದಾಗಲೂ ಅತ್ತಿರಲಾರದಂಥ ಮುಖ. "ಸಾರ್, ನಿಮಗಾಗದವರು ಯಾರಾದ್ರೂ ಕಾಲು ಜಾರಿ ಬಿದ್ದದ್ದು ನೋಡಿದ್ದೀರಾ?" ಎಂದೆ. ಬಾಗಿಲು ಹಾಕಿದೆಯೇ ಎಂದು ಒಮ್ಮೆ ತಿರುಗಿ ನೋಡಿದರು. ಆಮೇಲೆ ಮೂವತ್ತೆರಡು ಹಲ್ಲೂ ಹೊರಗೆ ಬಂದವು. ಒತ್ತಿದೆ.

ಟೈಪಿಸ್ಟ್ ಮೇಡಂ ಬಂದರು. "ನಿಮ್ಮನ್ನ ಬಿಟ್ಟು ಹೋದೋರಲ್ಲಿ ಯಾರು ತುಂಬಾ ನೆನಪಾಗ್ತಾರೆ ಮೇಡಂ?" ಎಂದೆ. "ಗಿಳಿ" ಅಂದವರೇ ಬಿಕ್ಕಿದರು. ಪಂಜರದ ಬಾಗಿಲು ಹಾಕಲು ಮರೆತಿದ್ದರಂತೆ. ಎರಡು ಕೆನ್ನೆಯ ಮೇಲೂ ಒಂದೊಂದು ಹನಿ ಸರಿಯಾಗಿ ನಿಂತಿತ್ತು. ಒತ್ತಿದೆ. ಮೀಟರ್ ರೀಡರಿಗೆ ನಾಯಿ ಅಟ್ಟಿಸಿಕೊಂಡು ಬಂದದ್ದನ್ನು ನೆನಪಿಸಿದೆ. ಕಣ್ಣು ಗೋಲಿಯಾಯಿತು, ಬಾಯಿ ಗುಹೆಯಾಯಿತು. ಒತ್ತಿದೆ. ಸಂಜೆಯ ಹೊತ್ತಿಗೆ ಉಗ್ರಾಣದಿಂದ ಜನ ಅಳುತ್ತಾ, ನಗುತ್ತಾ, ಬೆವರುತ್ತಾ ಹೊರಗೆ ಬರುತ್ತಿದ್ದರು. "ನೀವು ಡಾಕ್ಟ್ರಾಗ್ಬೇಕಿತ್ತು" ಎಂದು ಒಬ್ಬರು ನನ್ನ ಕೈ ಕುಲುಕಿದರು.

ಕೊನೆಗೆ ಬಂದವರು ಭಾವ. ಸ್ಟೂಲಿನ ಮೇಲೆ ಕೂತು, ಗದ್ದ ತಾವೇ ಮೇಲೆ ಮಾಡಿಕೊಂಡು, "ಹೂಂ, ಬೇಗ" ಎಂದರು.

"ಭಾವ, ನಿಮ್ಮ ಜೀವನದಲ್ಲೇ ತುಂಬಾ ಸಂತೋಷದ ದಿನ ಯಾವುದು? ಹೇಳೋದು ಬೇಡ. ಸುಮ್ನೆ ನೆನೆಸ್ಕೊಳ್ಳಿ."

"ತಲೆಹರಟೆ" ಎಂದು ಶುರುಮಾಡಿದವರು ಅರ್ಧಕ್ಕೇ ನಿಂತರು. ಅವರ ದೃಷ್ಟಿ ನನ್ನ ಮೇಲೆ ಬಿತ್ತು. ಹುಬ್ಬಿನ ಗಂಟು ಸಡಿಲವಾಯಿತು. ತುಟಿಯ ಒಂದು ಕೊನೆ ಮೇಲೆದ್ದಿತು, ನಂತರ ಇನ್ನೊಂದು. ಕಣ್ಣು ಒದ್ದೆಯಾಗಿ ಹೊಳೆಯಿತು. ನಮ್ಮ ಭಾವನ ಮುಖದಲ್ಲಿ ಇಷ್ಟು ಜಾಗವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒತ್ತಿದೆ.

"ಏನು ನೆನೆಸ್ಕೊಂಡ್ರಿ ಭಾವ?"

"ನಿನಗ್ಯಾಕೆ? ಹೋಗು" ಎಂದು ಎದ್ದುಬಿಟ್ಟರು.

ಗೊತ್ತಾಗದೇ ಇರಲು ನಾನೇನು ದಡ್ಡನೇ? ಗಂಡಸು ಹೀಗೆ ಮುಖ ಅರಳಿಸಿ, ಕೇಳಿದರೆ ಹೇಳಲು ನಾಚುತ್ತಾನೆಂದರೆ ಅದು ಹೆಂಡತಿಯ ನೆನಪೇ. ಫೋಟೋದ ದೊಡ್ಡ ಪ್ರತಿ ಮಾಡಿಸಿ ನೇರ ಅಕ್ಕನಿಗೆ ಕೊಟ್ಟೆ. "ಅಕ್ಕಾ, ಭಾವ ನಿಮ್ಮ ಮದುವೆ ದಿನ ನೆನೆಸ್ಕೊಂಡಾಗ ತೆಗೆದದ್ದು ಇದು" ಎಂದೆ. ಇದು ನನ್ನ ಊಹೆ ಎಂದು ಹೇಳಲು ಮರೆತೆ.

ಅಕ್ಕ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಮೂವತ್ತೆರಡು ವರ್ಷದಲ್ಲಿ ಒಂದಿನ ಬಾಯಿಬಿಟ್ಟು ಹೇಳ್ಲಿಲ್ಲ ನೋಡೋ ಇವ್ರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತಿನಿಂದ ಭಾವನಿಗೆ ರಾಜೋಪಚಾರ ಶುರುವಾಯಿತು. ಅಂಗಿಗೆ ಎರಡು ಸಲ ಇಸ್ತ್ರಿ, ಕೇಳುವ ಮೊದಲೇ ಕಾಫಿ, ಬೂಟಿಗೆ ಪಾಲಿಶ್. ಎದುರುಮನೆಯಾಕೆ ಫೋಟೋ ನೋಡಿ, ತನ್ನ ಗಂಡನನ್ನು ಕರೆದು, "ನೀವೂ ಏನಾದ್ರೂ ನೆನೆಸ್ಕೊಳ್ಳಿ ನೋಡೋಣ" ಎಂದು ನಿಲ್ಲಿಸಿದಳಂತೆ. ಅವರು ಎಷ್ಟು ನೆನೆಸಿಕೊಂಡರೂ ಮುಖದಲ್ಲಿ ಏನೂ ಬರಲಿಲ್ಲವಂತೆ. ಅವರ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ.

ಭಾವ ಮಾತ್ರ ನನ್ನನ್ನು ಕಂಡಾಗ ನುಂಗುವ ಹಾಗೆ ನೋಡುತ್ತಿದ್ದರು. ಗಂಡಸರಿಗೆ ಪ್ರೀತಿ ಬಯಲಾದರೆ ಹಾಗೇ ಎಂದುಕೊಂಡೆ.

ತಪಾಸಣೆಯ ಹಿಂದಿನ ಸಂಜೆ ಚೀಟಿಗಳನ್ನು ಲಕೋಟೆಯಲ್ಲಿ ಹಂಚಿದ್ದಾಯಿತು. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಭಾವನ ಫೋನು ಬಂತು.

"ಲೋ. ಎಲ್ಲಿದ್ದೀಯ? ಕ್ಯಾಮೆರಾ ತಗೊಂಡು ಕಚೇರಿ ಗೇಟಿಗೆ ಬಾ. ಈಗ್ಲೇ." ಅವರ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೆ ಹೆದರಿಕೆಯಾಯಿತು.

ಹೋಗಿ ನೋಡುತ್ತೇನೆ, ಇಡೀ ಕಚೇರಿ ಬೀದಿಯಲ್ಲಿ ನಿಂತಿದೆ. ಗೇಟಿಗೆ ಅಡ್ಡವಾಗಿ ವಾಚ್‌ಮನ್. ಆ ಗಡಿಯಾರದ ಕಳ್ಳನನ್ನು ಒಳಗೆ ಬಿಟ್ಟವನು ಅವನೇ, ಅದಕ್ಕೆ ಹದಿನೈದು ದಿನ ಮನೆಯಲ್ಲಿ ಕೂತು ಬಂದಿದ್ದ. ಈಗ ಅವನು ಒಬ್ಬೊಬ್ಬರ ಚೀಟಿಯನ್ನು ಅವರ ಕಿವಿಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇದು ನೀವಲ್ಲ" ಎಂದು ವಾಪಸು ಕೊಡುತ್ತಿದ್ದ.

"ಲೇ, ದಿನಾ ನೋಡ್ತೀಯಲ್ಲೋ ನನ್ನ!" ಎಂದು ಖಜಾಂಚಿ ಹಾರಾಡುತ್ತಿದ್ದರು.

"ದಿನಾ ನೋಡೋ ಮುಖ ನಂಬಬೇಡ, ಫೋಟೋ ನಂಬು ಅಂತ ಆರ್ಡರ್ ಆಗಿದೆ ಸಾರ್. ಫೋಟೋದಲ್ಲಿರೋರು ನಗ್ತಿದ್ದಾರೆ. ನೀವು ನಗ್ತಿಲ್ಲ." ವಾಚ್‌ಮನ್ ಜೇಬಿನಿಂದ ಒಂದು ಕಾಗದ ತೆಗೆದು ಗಟ್ಟಿಯಾಗಿ ಓದಿದ: "'ಮುಖವು ಭಾವಚಿತ್ರದೊಂದಿಗೆ ತಾಳೆಯಾಗದ ಯಾರನ್ನೂ, ಈ ಕೆಳಗೆ ಸಹಿ ಮಾಡಿದವರನ್ನೂ ಸೇರಿಸಿ, ಒಳಗೆ ಬಿಡತಕ್ಕದ್ದಲ್ಲ.'" ಕೆಳಗೆ ಸಹಿ ಮಾಡಿದ್ದವರು ನಮ್ಮ ಭಾವ.

"ಸಾಹೇಬರು ಬಂದ್ರಾ?" ಎಂದು ಮೆಲ್ಲಗೆ ಕೇಳಿದೆ.

"ಒಳಗೆ ಹೋಗಿ ನನ್ನ ಕೋಣೇಲೇ ಕೂತಿದ್ದಾರೆ" ಎಂದರು ಭಾವ. "ಅವರ ಮುಖ ಅವರ ಚೀಟಿ ಥರಾನೇ ಇದೆ. ಹತ್ತು ಗಂಟೆಗೆ ಹಾಜರಿ ಪುಸ್ತಕ ತರಿಸ್ಕೊಳ್ತಾರೆ."

"ಮತ್ತೆ ತೆಗೆದುಬಿಡ್ತೀನಿ ಭಾವ, ಹಳೇ ಥರ..."

"ತೆಗೆದು? ಪ್ರಿಂಟು ಹಾಕಿಸಿ, ಅಂಟಿಸಿ, ಸೀಲು ಒತ್ತೋದ್ಯಾವಾಗ? ಸೀಲು ಒಳಗಿದೆ, ಅದು ನನಗೆ ಈಗ ನೆನಪಾಯ್ತು!"

ಆದರೆ ಆಪತ್ತಿನಲ್ಲೇ ಬುದ್ಧಿ ಓಡುವುದು. "ಹಾಗಾದ್ರೆ ಫೋಟೋ ಬದಲಾಯಿಸೋದು ಬೇಡ, ಮುಖ ಬದಲಾಯಿಸೋಣ" ಎಂದೆ. ಖಜಾಂಚಿಯನ್ನು ಮುಂದೆ ನಿಲ್ಲಿಸಿ, "ಸಾರ್, ಅವತ್ತು ಯಾರೋ ಜಾರಿ ಬಿದ್ದದ್ದು ನೆನೆಸ್ಕೊಂಡ್ರಲ್ಲ, ಮತ್ತೊಮ್ಮೆ ನೆನೆಸ್ಕೊಳ್ಳಿ" ಎಂದೆ.

ಖಜಾಂಚಿ ಭಾವನ ಮುಖ ನೋಡಿ, "ಇಲ್ಲಿ ಬೇಡ" ಎಂದರು. ಮೆಟ್ಟಿಲ ಮೇಲೆ ನೀರು ಚೆಲ್ಲಿದ್ದ ದಿನ ಬಿದ್ದವರು ಯಾರು ಎಂದು ಕಚೇರಿಗೆಲ್ಲ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. "ನಗ್ರೀ, ಪರವಾಗಿಲ್ಲ" ಎಂದರು ಭಾವ, ಹಲ್ಲು ಕಚ್ಚಿ. ಖಜಾಂಚಿ ತಡೆಯಲಾರದೆ ನಕ್ಕರು. ವಾಚ್‌ಮನ್ ಚೀಟಿ ನೋಡಿ, ಹಲ್ಲು ನೋಡಿ, "ಸರಿಯಾಯ್ತು, ಹೋಗಿ" ಎಂದ.

ಅಲ್ಲಿಗೆ ದಾರಿ ತೆರೆಯಿತು. ಟೈಪಿಸ್ಟ್ ಮೇಡಮ್ಮಿಗೆ ಅಳು ಬರಲಿಲ್ಲ. ನಾಲ್ಕು ಜನ ಸುತ್ತ ನಿಂತು, "ಗಿಳಿ ಮೇಡಂ, ಗಿಳಿ! ಖಾಲಿ ಪಂಜರ ನೆನೆಸ್ಕೊಳ್ಳಿ!" ಎಂದು ಕೂಗಿದರು. ಅತ್ತು ಒಳಗೆ ಹೋದವರು ಒಳಗೂ ಅಳುತ್ತಲೇ ಇದ್ದರು. ಮೀಟರ್ ರೀಡರಿಗೆ ಪಂಪಿನ ಆಪರೇಟರು ಹಿಂದಿನಿಂದ ಬಂದು ಬೊಗಳಬೇಕಾಯಿತು. ಅವನೂ ಹೋದ. ದಾರಿಹೋಕರು ಸೈಕಲ್ ನಿಲ್ಲಿಸಿ ನೋಡತೊಡಗಿದರು. ಮೇಲಿನ ಕಿಟಕಿಯಿಂದ ಸಾಹೇಬರ ತಲೆ ಹೊರಗೆ ಬಂತು. "ಯಾರ್ರೀ ಅದು ಗೇಟಲ್ಲಿ ಅಳೋರು? ಯಾರಾದ್ರೂ ತೀರಿಕೊಂಡ್ರಾ?" ಎಂದು ಕೇಳಿ ತಲೆ ಒಳಗೆ ಹೋಯಿತು.

ಹತ್ತಕ್ಕೆ ಹನ್ನೆರಡು ನಿಮಿಷ ಇರುವಾಗ ಹೊರಗೆ ಉಳಿದವರು ಭಾವ ಒಬ್ಬರೇ. ಮಿಕ್ಕ ಮೂವತ್ತು ಜನ ಗೇಟಿನ ಒಳಗಡೆ ಸಾಲಾಗಿ ನಿಂತು ನೋಡುತ್ತಿದ್ದರು. ತಮ್ಮ ಮುಖ ತೋರಿಸಿ ಆಗಿದ್ದ ಮೇಲೆ ಮ್ಯಾನೇಜರ ಮುಖ ನೋಡದೆ ಹೋಗುವವರು ಯಾರು?

ಭಾವ ಗೇಟಿನ ಮುಂದೆ ನಿಂತು ತುಟಿ ಎಳೆದರು. "ಅದಲ್ಲ ಸಾರ್" ಎಂದ ವಾಚ್‌ಮನ್. ಹುಬ್ಬು ಎತ್ತಿದರು. "ಊಹೂಂ. ಇದು ಹೊಟ್ಟೆನೋವು. ಫೋಟೋದಲ್ಲಿರೋರಿಗೆ ಸಂತೋಷ ಆಗಿದೆ."

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರಲಾರದೆ ಅಕ್ಕನಿಗೆ ಫೋನ್ ಮಾಡಿದ್ದೆ. "ಅಕ್ಕಾ, ಭಾವನ ಮುಖ ಅರಳಬೇಕು, ನೀನು ಬಂದು ಎದುರು ನಿಂತ್ರೆ ಸಾಕು" ಎಂದಿದ್ದೆ. ಅವಳು ಒಳ್ಳೆಯ ಸೀರೆ ಉಟ್ಟು, ಆಟೋದಿಂದ ಇಳಿದು, ಎಲ್ಲರ ಎದುರು ನಾಚುತ್ತಾ ಭಾವನ ಮುಂದೆ ನಿಂತಳು.

"ನೋಡ್ರೀ ನನ್ನ" ಎಂದಳು.

ಭಾವ ನೋಡಿದರು. ಅವರ ಮುಖ ಇನ್ನಷ್ಟು ಬಾಡಿತು. ವಾಚ್‌ಮನ್ ಚೀಟಿ ನೋಡಿ ತಲೆಯಾಡಿಸಿದ. ಅಕ್ಕ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಮದುವೆ ದಿನ ನೆನೆಸ್ಕೊಳ್ರೀ. ಅವತ್ತು ನೆನೆಸ್ಕೊಂಡ್ರಲ್ಲ." ಭಾವನ ಹಣೆಯಲ್ಲಿ ಬೆವರು ಮೂಡಿತು. ಗೇಟಿನೊಳಗೆ ಯಾರೋ ಕಿಸಕ್ಕೆಂದರು. ಅಕ್ಕನ ಮುಖ ಕೆಂಪಾಯಿತು.

"ಏನ್ರೀ ಇದು? ಮದುವೆ ದಿನ ಅಲ್ವಾ ಹಾಗಾದ್ರೆ?"

"ಅಲ್ಲ" ಎಂದರು ಭಾವ, ನೆಲ ನೋಡುತ್ತಾ.

"ಮತ್ಯಾವುದು?"

ಭಾವ ನನ್ನ ಕಡೆ ನೋಡಿದರು. ಗಡಿಯಾರ ನೋಡಿಕೊಂಡರು. ಆಮೇಲೆ ಕಟ್ಟೆ ಒಡೆಯಿತು. "ನಿನ್ನ ತಮ್ಮ ಟ್ರಂಕು ತಗೊಂಡು ನಮ್ಮನೆ ಬಿಟ್ಟು ಹೋದ್ನಲ್ಲ, ಆ ದಿನ!"

ಸೈಕಲಿನವರು ಇನ್ನೂ ಹತ್ತಿರ ಬಂದರು.

"ಮೂರು ತಿಂಗಳು ಇರ್ತೀನಿ ಅಂತ ಬಂದೋನು ಹನ್ನೊಂದು ವರ್ಷ ಇದ್ದ ಕಣೇ! ಹನ್ನೊಂದು ವರ್ಷ ನನ್ನ ಪೇಪರ್ ನನಗಿಂತ ಮುಂಚೆ ಓದಿದ. ಪದಬಂಧ ಎಲ್ಲಾ ತುಂಬಿದ, ಅದೂ ತಪ್ಪುತಪ್ಪಾಗಿ, ಶಾಯೀಲಿ! ನನ್ನ ಚಪ್ಪಲಿ ಹಾಕ್ಕೊಂಡು ಹೋದ. ಬಚ್ಚಲುಮನೇಲಿ ಫೋಟೋ ತೊಳೆದ. ಹನ್ನೊಂದು ವರ್ಷ ನಾನು ಕೆಂಪು ಬಲ್ಬಿನ ಬೆಳಕಲ್ಲಿ ಸ್ನಾನ ಮಾಡಿದ್ದೀನಿ! ಒಂದಿನ ಅಂದಿದ್ದೀನಾ? ಒಂದು ಮಾತು ಅಂದಿದ್ದೀನಾ?"

ಅಂದಿರಲಿಲ್ಲ. ಅದೇ ನನ್ನನ್ನು ನೆಲಕ್ಕಿಳಿಸಿತು. ನಾನು ಹೊರಟ ದಿನ ಭಾವ ಕೂಲಿಯವನಿಗೂ ಕಾಯದೆ ಟ್ರಂಕನ್ನು ತಾವೇ ತಲೆಯ ಮೇಲೆ ಹೊತ್ತು ಆಟೋಗೆ ಹಾಕಿದ್ದರು. ಆಟೋ ಮರೆಯಾಗುವವರೆಗೂ ಗೇಟಲ್ಲಿ ನಿಂತು ಕೈಬೀಸಿ ಕಣ್ಣೊರೆಸಿಕೊಂಡಿದ್ದರು. ಅಗಲಿಕೆಯ ದುಃಖ ಎಂದು ಈ ಹದಿನೈದು ವರ್ಷ ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದೆ. ಕಟಿಂಗ್ ಶಾಪಿನವನಿಗೇ ನಾಲ್ಕು ಸಲ ಹೇಳಿದ್ದೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

"ಅಕ್ಕಾ, ನೀನಾದ್ರೂ ಹೇಳು" ಎಂದೆ.

ಅಕ್ಕ ತನ್ನ ಕೈಚೀಲದ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದಳು. "ನೀನು ಕೆಟ್ಟೋನಲ್ಲ ಕಣೋ" ಎಂದಳು.

ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿಯಿತ್ತು. ಮೂವತ್ತು ಜನರಲ್ಲಿ ಒಬ್ಬರೂ ನನ್ನನ್ನು ನೇರ ನೋಡುತ್ತಿರಲಿಲ್ಲ. ಟೈಪಿಸ್ಟ್ ಮೇಡಂ ಕೂಡ ಗಿಳಿಗಾಗಿ ಅಳುವುದನ್ನು ನಿಲ್ಲಿಸಿ ನನಗಾಗಿ ಶುರುಮಾಡಿದ್ದರು.

ವಾಚ್‌ಮನ್ ಕೈಗಡಿಯಾರ ನೋಡಿಕೊಂಡ. "ನಾಲ್ಕು ನಿಮಿಷ ಇದೆ. ಸಾರ್, ಆ ಟ್ರಂಕು ಈಗಿದೆಯಾ?"

"ಬೇಡ ಕಣಯ್ಯ, ಬಿಡು" ಎಂದರು ಭಾವ. ಅವರ ದನಿಯಲ್ಲಿ ಮರುಕವಿತ್ತು. "ಹೋದ್ರೆ ಹೋಗ್ಲಿ ಹುದ್ದೆ. ಎಲ್ಲರೆದುರು ಪಾಪ, ಅವನನ್ನ..."

ಅವರ ಮರುಕ ನನಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಅವರ ಅನ್ನ ತಿಂದವನು ನಾನು, ಹುದ್ದೆಯನ್ನೂ ತಿನ್ನಲೇ? ಕ್ಯಾಮೆರಾದ ದೊಡ್ಡ ಚೀಲವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ಬಗಲಲ್ಲಿ ಸ್ಟ್ಯಾಂಡು ಸಿಕ್ಕಿಸಿಕೊಂಡೆ.

"ಭಾವ, ಬರ್ತೀನಿ" ಎಂದೆ.

"ಅಯ್ಯೋ, 'ಬರ್ತೀನಿ' ಅನ್ಬೇಡಿ ಸಾರ್, ಮುಖ ಬಾಡಿಹೋಯ್ತು!" ಎಂದು ವಾಚ್‌ಮನ್ ಕೂಗಿದ. "'ಹೋಗ್ತೀನಿ' ಅನ್ನಿ!"

"ಹೋಗ್ತೀನಿ ಭಾವ."

"ಹಾಂ. ಈಗ ನಡೀರಿ. ಇನ್ನೂ ಸ್ವಲ್ಪ ದೂರ. ಹಾಗೇ. ಚೀಲ ಚೆನ್ನಾಗಿ ಕಾಣ್ಲಿ. ತಿರುಗಿ ನೋಡ್ಬೇಡಿ, ತಿರುಗಿ ನೋಡಿದ್ರೆ ಕೆಟ್ಟೋಗುತ್ತೆ! ಬರ್ತಾ ಇದೆ... ಒಂದು ಕಡೆ ತುಟಿ ಬಂತು... ನಡೀತಾ ಇರಿ!"

ನಡೆದೆ. ಸೈಕಲಿನವರು ದಾರಿ ಬಿಟ್ಟರು. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಕಣ್ಣು ಮಂಜಾಗಿತ್ತು. ಎರಡು ಕೈಯೂ ಸಿಕ್ಕಿಕೊಂಡಿದ್ದರಿಂದ ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಅಕ್ಕ ಏನಾದರೂ ಅಂದಾಳು, 'ಸಾಕು ಬಾರೋ ತಮ್ಮಾ' ಎಂದಾಳು ಎಂದು ಕಿವಿಗೊಟ್ಟು ನಡೆದೆ. ಬೀದಿಯ ಮೂಲೆ ಹತ್ತು ಹೆಜ್ಜೆ ಇತ್ತು.

ಅಕ್ಕನ ದನಿ ಬಂದೇ ಬಂತು.

"ಲೋ ತಮ್ಮಾ, ಬೇಗ ಮೂಲೆ ತಿರುಗೋ! ಇನ್ನೂ ಕಾಣಿಸ್ತಾ ಇದ್ದೀಯ!"

ತಿರುಗಿದೆ. ಹಿಂದೆ ಗೇಟು ತೆರೆದ ಸದ್ದು ಕೇಳಿಸಿತು.